ಬಂಡೆ ಕಲಿಸುವ ಪಾಠ: ಚಿತ್ರದುರ್ಗದ ಜ್ಯೋತಿರಾಜ್

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಹೆಬ್ಬಂಡೆಗಳನ್ನೂ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗವನ್ನೂ ನೋಡುತ್ತ ಬೆಳೆಯುವ ನಮ್ಮ ಭಾಗದ ಮಕ್ಕಳಿಗೆ ಬಂಡೆ ಹತ್ತುವುದು ಹೊಸತೇನಲ್ಲ. ಆದರೆ ಅದನ್ನೇ ಬಾಳಿನ ವೃತ್ತಿಯಾಗಿ ಸ್ವೀಕರಿಸಿದವರು ವಿರಳ. ನೆರೆಯ ಚಿತ್ರದುರ್ಗದಲ್ಲಿ ನೆಲೆಸಿ ‘ಕೋತಿರಾಜ್’ ಎಂದೇ ಪ್ರಸಿದ್ಧರಾದ ಜ್ಯೋತಿರಾಜ್ ಅಂಥವರಲ್ಲೊಬ್ಬರು.

ತಮಿಳುನಾಡಿನಲ್ಲಿ ಜನಿಸಿದ ಇವರು ಬಾಲ್ಯದಲ್ಲಿಯೇ ಹೆತ್ತವರಿಂದ ಅಗಲಿ, ದುಡಿಮೆಯನ್ನರಸುತ್ತ ಚಿತ್ರದುರ್ಗಕ್ಕೆ ಬಂದರು. ಜೀವನದಲ್ಲಿ ಬೇಸತ್ತು ಬಂಡೆಯನ್ನೇರಿದ ತಮ್ಮನ್ನು ಕೆಳಗೆ ನೆರೆದವರ ಚಪ್ಪಾಳೆಯೇ ಬದುಕಿಗೆ ಮರಳಿಸಿತೆಂದು ಅವರೇ ಹೇಳಿಕೊಂಡಿದ್ದಾರೆ. ಕೋಟೆಯ ಕೋತಿಗಳ ಚಲನೆಯನ್ನು ಗಮನಿಸಿ ಅಭ್ಯಾಸ ಮಾಡಿದ ಇವರು, ಹಗ್ಗದ ಆಸರೆಯಿಲ್ಲದೆ ಕೋಟೆಯ ಗೋಡೆಗಳನ್ನೇರಿ ಪ್ರವಾಸಿಗರನ್ನು ಬೆರಗುಗೊಳಿಸಿದರು. 253 ಮೀಟರ್ ಎತ್ತರದ ಜೋಗವನ್ನೂ ಏರಿದರು. ಕಮರಿಗೆ ಬಿದ್ದವರ ಶವಗಳನ್ನು ಹೊರತೆಗೆಯುವ ಕಠಿಣ ಸೇವೆಗೂ ತಮ್ಮ ವಿದ್ಯೆಯನ್ನು ಮೀಸಲಿಟ್ಟರು. 2018ರಲ್ಲಿ ಜೋಗದಲ್ಲಿ ಇವರೇ ಕಣ್ಮರೆಯಾಗಿ, ಬಳಿಕ ಸುರಕ್ಷಿತವಾಗಿ ಪತ್ತೆಯಾದುದು ಈ ವೃತ್ತಿಯ ಅಪಾಯಕ್ಕೆ ನಿದರ್ಶನ.

ಈ ಸಾಧನೆಯ ಹಿಂದೆ ಮಾಯೆಯೇನೂ ಇಲ್ಲ. ಏರುವವನು ದೇಹದ ಭಾರವನ್ನು ಆದಷ್ಟು ಕಾಲಿನ ಮೇಲೆ ಹೊರಿಸಬೇಕು. ತೋಳನ್ನೇ ನಂಬಿದವನು ಬೇಗನೆ ದಣಿಯುತ್ತಾನೆ. ಎರಡು ಕೈ, ಎರಡು ಕಾಲುಗಳಲ್ಲಿ ಮೂರು ನೆಲೆಯಾಗಿದ್ದಾಗ ಮಾತ್ರ ನಾಲ್ಕನೆಯದನ್ನು ಕದಲಿಸುವುದು ಪ್ರಾರಂಭಿಕರ ಮೊದಲ ನಿಯಮ. ಒರಟು ಕಲ್ಲು ಪಾದಕ್ಕೆ ಹಿಡಿತ ಕೊಡುತ್ತದೆ. ಅದೇ ಕಲ್ಲು ನೆನೆದಾಗ ಜಾರುತ್ತದೆ. ಏರುವುದಕ್ಕಿಂತ ಇಳಿಯುವುದು ಕಷ್ಟ. ಹೆಜ್ಜೆ ಇಡುವ ತಾಣ ಕಣ್ಣಿಗೆ ಸುಲಭವಾಗಿ ಕಾಣದು.

ಇಲ್ಲಿಯೇ ಶಿಕ್ಷಕರು ಯೋಚಿಸಬೇಕಾದ ಸಂಗತಿಯೊಂದಿದೆ. ಜ್ಯೋತಿರಾಜ್ ಅವರ ಧೈರ್ಯ ಅನುಕರಣೀಯ. ಹಗ್ಗವಿಲ್ಲದ ಏರುವಿಕೆ ಮಾತ್ರ ಮಕ್ಕಳಿಗೆ ಅನುಕರಣೀಯವಲ್ಲ. ಅವರಿಗೆ ಗುರುವೂ ಇರಲಿಲ್ಲ, ಶಾಲೆಯೂ ಇರಲಿಲ್ಲ. ನಮ್ಮ ಮಕ್ಕಳಿಗೆ ಇವೆರಡೂ ಇವೆ. ಟೋಕಿಯೋದಲ್ಲಿ 2021ರಲ್ಲಿ ನಡೆದ ಕ್ರೀಡಾಕೂಟದಲ್ಲಿ ಆರೋಹಣವು ಒಲಿಂಪಿಕ್ಸ್‌ಗೆ ಪ್ರಥಮವಾಗಿ ಸೇರಿತು. ನಮ್ಮ ರಾಜ್ಯದಲ್ಲಿಯೂ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯು ಶಿಲಾರೋಹಣದ ತರಬೇತಿ ನೀಡುತ್ತ ಬಂದಿದೆ.

ಆದುದರಿಂದ ಬಂಡೆ ಹತ್ತಿದ ಹುಡುಗನನ್ನು ಗದರಿಸಿ ಇಳಿಸುವುದಷ್ಟೇ ಶಿಕ್ಷಣವಾಗದು. ಹಗ್ಗ, ಶಿರಸ್ತ್ರಾಣ ಹಾಗೂ ನುರಿತ ತರಬೇತುದಾರರನ್ನು ಒದಗಿಸುವುದು ಶಾಲೆಯ ಕರ್ತವ್ಯ. ಅದಕ್ಕೆ ನೆರವಾಗುವುದು ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ಸಲ್ಲುವ ಕಾರ್ಯ. ಚಪ್ಪಾಳೆ ಒಂದು ಜೀವವನ್ನು ಉಳಿಸಿತು. ಶಿಸ್ತಿನ ತರಬೇತಿ ಅನೇಕ ಜೀವಗಳನ್ನು ಉಳಿಸಿ ಬೆಳೆಸಬಲ್ಲುದು.