ಕ್ಲಿಪ್ ಹಾಕುವ ಮುನ್ನ ತುಟಿ ನೋಡಿದ್ದೇಕೆ?

ಪ್ರಶ್ನೆ: ಮಗಳಿಗೆ 15 ವರ್ಷ, ಮೇಲಿನ ಹಲ್ಲು ಮುಂದೆ ಬಂದಿವೆ. ಕ್ಲಿಪ್ ಹಾಕಿಸಲು ಹೋದರೆ ಡಾಕ್ಟರು ಹಲ್ಲಿಗಿಂತ ಹೆಚ್ಚು ಹೊತ್ತು ತುಟಿ, ಮೂಗು, ಗದ್ದ ನೋಡಿದರು. ಪಕ್ಕದಿಂದ ಫೋಟೊ ತೆಗೆದರು. ಕೊನೆಗೆ ನಾಲ್ಕು ಒಳ್ಳೆಯ ಹಲ್ಲು ಕೀಳಬೇಕು ಎಂದರು. ಪಕ್ಕದ ಮನೆ ಹುಡುಗನಿಗೆ ಒಂದೂ ಕೀಳದೆ ಹಾಕಿದ್ದಾರೆ. ನಮಗೇಕೆ ಹೀಗೆ?
– ಒಬ್ಬ ತಾಯಿ, ಹಾಸನ

ಉತ್ತರ: ತುಟಿ ನೋಡದೆ ಹಲ್ಲು ಕೀಳಲು ಹೇಳಿದ್ದರೆ, ಬೇರೆ ಡಾಕ್ಟರನ್ನು ಹುಡುಕಿ ಎನ್ನುತ್ತಿದ್ದೆ. ಹಲ್ಲು ಸರಿಪಡಿಸುವ ಈ ಶಾಸ್ತ್ರಕ್ಕೆ ರೂಪ ಕೊಟ್ಟ ಅಮೆರಿಕದ ಎಡ್ವರ್ಡ್ ಆಂಗಲ್, ಹಲ್ಲು ಸರಿಯಾಗಿ ಕೂತರೆ ಮುಖ ತಾನಾಗಿ ಚೆಂದವಾಗುತ್ತದೆ ಎಂದು ನಂಬಿದ್ದರು. ಒಂದನ್ನೂ ಕೀಳಬಾರದೆಂಬುದು ಅವರ ಹಟ. ಅವರ ಶಿಷ್ಯ ಚಾರ್ಲ್ಸ್ ಟ್ವೀಡ್ ಮಾತ್ರ ಹಾಗೆ ಚಿಕಿತ್ಸೆ ಮಾಡಿ ಫಲಿತಾಂಶ ಕೆಟ್ಟಿದ್ದ ಕೆಲವರನ್ನು ಮತ್ತೆ ಕರೆಸಿ, ಹಲ್ಲು ಕೀಳಿಸಿ ಎರಡನೇ ಸಲ ಕ್ಲಿಪ್ ಹಾಕಿದರು. ಈಗ ನಾವು ಮೊದಲು ಮುಖ ನೋಡಿ, ಆಮೇಲೆ ಹಲ್ಲು ಎಲ್ಲಿರಬೇಕೆಂದು ತೀರ್ಮಾನಿಸುತ್ತೇವೆ.

ಮಗಳು ಟಿವಿ ಮುಂದೆ ಮೈಮರೆತಾಗ ಅವಳ ತುಟಿ ಗಮನಿಸಿ. ಮೂರು-ನಾಲ್ಕು ಮಿಲಿಮೀಟರ್ ಬಿಟ್ಟುಕೊಂಡಿದ್ದರೆ ಸಹಜ. ಅದಕ್ಕಿಂತ ಹೆಚ್ಚು ತೆರೆದಿದ್ದು, ಬಾಯಿ ಮುಚ್ಚು ಎಂದ ಕೂಡಲೇ ಗದ್ದದ ಚರ್ಮ ಕಿತ್ತಳೆ ಸಿಪ್ಪೆಯಂತೆ ಗುಳಿಗುಳಿಯಾದರೆ, ತುಟಿ ಕೂಡಿಸಲು ಅವಳು ಹೆಣಗುತ್ತಿದ್ದಾಳೆ ಎಂದರ್ಥ. ಇಂಥವರಿಗೆ ಕೋರೆಹಲ್ಲಿನ ಹಿಂದಿನ ಹಲ್ಲು ತೆಗೆದು, ಆ ಜಾಗಕ್ಕೆ ಮುಂದಿನವನ್ನು ಸರಿಸಿದರೆ ತುಟಿ ಸಲೀಸಾಗಿ ಕೂಡುತ್ತದೆ. ತುಟಿ ಮೊದಲೇ ತೆಳ್ಳಗಿದ್ದು, ಮೂಗು ಗದ್ದ ಎದ್ದು ಕಾಣುವವರಿಗೆ ಹೀಗೆ ಮಾಡಿದರೆ ಬಾಯಿ ಒಳಕ್ಕೆ ಕುಸಿದು ಮುದಿಕಳೆ ಬರುತ್ತದೆ. ಪಕ್ಕದ ಮನೆ ಹುಡುಗನನ್ನು ನಾನು ನೋಡಿಲ್ಲ, ಕಾರಣ ಅವನ ತುಟಿಯಲ್ಲೇ ಇರಬಹುದು.

ಹಾಗೆಂದು ಹಲ್ಲು ಸರಿದಷ್ಟೇ ತುಟಿ ಹಿಂದೆ ಹೋಗುವುದಿಲ್ಲ; ದಪ್ಪ ತುಟಿಯಂತೂ ಇನ್ನೂ ಕಡಿಮೆ. ಮೂಗಿನ ತುದಿಯಿಂದ ಗದ್ದಕ್ಕೆ ಗೆರೆ ಎಳೆದು ತುಟಿ ಅದರ ಹಿಂದಿರಬೇಕೆಂಬ, ರಿಕೆಟ್ಸ್ ಎಂಬ ದಂತವೈದ್ಯರ ಲೆಕ್ಕವೂ ಬಿಳಿಯರ ಮುಖ ನೋಡಿ ಮಾಡಿದ್ದು. ನಮ್ಮ ಕಡೆಯ ತುಂಬುತುಟಿ ಗೆರೆ ಮುಟ್ಟಿದ ಮಾತ್ರಕ್ಕೆ ಕಾಯಿಲೆಯಲ್ಲ, ಮಗಳಿಗೂ ಹಾಗೆ ಅನ್ನಿಸದಿರಲಿ.

ಕೀಳದೆ ಹಲ್ಲುಸಾಲನ್ನೇ ಹೊರಕ್ಕೆ ಅಗಲಿಸಬಾರದೇ ಎಂದು ಕೇಳಬಹುದು. ವಸಡು ತೆಳ್ಳಗಿದ್ದರೆ ಹಾಗೆ ಅಗಲಿಸಿದಾಗ ಅದು ಹಿಂದೆ ಸರಿದು ಬೇರು ಕಾಣತೊಡಗಬಹುದು.

ಪ್ರಶ್ನೆ: ಕ್ಲಿಪ್ ತೆಗೆದು ಎರಡು ವರ್ಷಕ್ಕೆ ಮುಂದಿನ ಎರಡು ಹಲ್ಲಿನ ನಡುವೆ ಮತ್ತೆ ಸಂದು ಬಿದ್ದಿದೆ.
– ವಿದ್ಯಾರ್ಥಿ, ಧಾರವಾಡ

ಉತ್ತರ: ಮೇಲ್ದುಟಿಯ ಒಳಗೆ ನಡುವೆ ಒಂದು ದಾರದಂಥ ಮಡಿಕೆ ಇದೆ. ಅದು ದಪ್ಪಗೆ ಬೆಳೆದು ಹಲ್ಲುಗಳ ನಡುವೆ ಇಳಿದಿದ್ದರೆ ಸಂದು ಮತ್ತೆ ತೆರೆಯಬಹುದು; ಆಗ ಸಣ್ಣ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಇಡೀ ದಿನ ನಾಲಿಗೆ ಹಲ್ಲಿಗೆ ಒತ್ತಿಕೊಂಡಿದ್ದರೂ ಹೀಗಾಗುತ್ತದೆ. ಅದಕ್ಕೂ ಮೊದಲು ಹೇಳಿ, ಕ್ಲಿಪ್ ತೆಗೆದ ಮೇಲೆ ಹಲ್ಲು ಸರಿಯದಂತೆ ಹಾಕಿಕೊಳ್ಳುವ ರಿಟೇನರ್ ಎಲ್ಲಿದೆ? ಡಬ್ಬಿಯಲ್ಲೇ ಇದ್ದರೆ ಈಗ ಒತ್ತಿ ಕೂರಿಸಲು ಹೋಗಬೇಡಿ, ಡಬ್ಬಿ ಸಮೇತ ಡಾಕ್ಟರ ಹತ್ತಿರ ಹೋಗಿ.