ಹೊಸ ಹವಳಕ್ಕೆ ಹೊಸ ಮನೆ

ಹವಳ ಎಂದ ಕೂಡಲೇ ನಮಗೆ ಉಂಗುರದ ಕೆಂಪು ಕಲ್ಲು ನೆನಪಾಗುತ್ತದೆ. ಆದರೆ ಸಮುದ್ರದ ಹವಳ ಒಂದು ಪ್ರಾಣಿ. ಪಾಲಿಪ್ ಎಂಬ ಸಣ್ಣ ಜೀವಿಗಳು ಒಟ್ಟಾಗಿ ಬದುಕುವ ಕೂಡು ಕುಟುಂಬ ಅದು. ಅನೇಕ ಹವಳಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಪಾಚಿ ಬೆಳಕಿನಿಂದ ಆಹಾರ ಮಾಡಿ ಹವಳಕ್ಕೆ ಕೊಡುತ್ತದೆ, ಹವಳ ಅದಕ್ಕೆ ಇರಲು ಜಾಗ ಕೊಡುತ್ತದೆ. ವಾಣಿಜ್ಯ ವಿದ್ಯಾರ್ಥಿಗಳಾದ ನಮ್ಮ ಭಾಷೆಯಲ್ಲಿ ಇದು ಪಾಲುದಾರಿಕೆ. ಬಿಸಿ ಹೆಚ್ಚಾದರೆ ಅಥವಾ ಬೆಳಕು, ಉಪ್ಪು ಒಮ್ಮೆಲೇ ಬದಲಾದರೆ ಪಾಲುದಾರಿಕೆ ಮುರಿಯಬಹುದು. ಆಗ ಹವಳ ಪಾಚಿಯನ್ನು ಕಳೆದುಕೊಂಡು ಬೆಳ್ಳಗಾಗುತ್ತದೆ.

ನನ್ನ ಮಾಮು ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇದೆ. ಕಳೆದ ವರ್ಷ ಅವರು ಗೆಳೆಯರ ತೊಟ್ಟಿಯಲ್ಲಿ ಬೆಳೆದ ಸಾರ್ಕೋಫೈಟನ್ ಎಂಬ ಹವಳದ ತುಂಡೊಂದನ್ನು ತಂದರು. ಇದು ಅಣಬೆಯ ಆಕಾರದ ಮೆತ್ತನೆಯ ಹವಳ. ಬಂದ ದಿನದಿಂದ ಅದು ಮುದುಡಿಕೊಂಡೇ ಇತ್ತು. ಬೆಳಕು ಸಾಲದು ಎಂದುಕೊಂಡು, ಮಾಮು ಇಲ್ಲದಾಗ ನಾನು ಅದನ್ನು ಮೇಲಿನ ಕಲ್ಲಿನ ಮೇಲಿಟ್ಟೆ. ಎರಡು ದಿನ ಬಿಟ್ಟು ಮತ್ತೆ ಜಾಗ ಬದಲಿಸಿದೆ. ವಾರದೊಳಗೆ ಅದರ ಬುಡ ಕೊಳೆತುಹೋಯಿತು. ಮಾಮು ಬೈಯಲಿಲ್ಲ. "ಸಬರ್ ಇಲ್ಲದವರು ಇದನ್ನು ಸಾಕಬಾರದು ಬೇಟಾ" ಎಂದರು, ಅಷ್ಟೇ. ಆ ಮಾತು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಎರಡನೇ ತುಂಡು ತಂದಾಗ ಅವರು ನನ್ನ ಕೈಯಲ್ಲೇ ಎಲ್ಲ ಮಾಡಿಸಿದರು. ಕ್ರಮ ಹೀಗಿದೆ:

1. ಮೊದಲು ತೊಟ್ಟಿಯ ನೀರನ್ನು ಪರೀಕ್ಷಿಸಬೇಕು. ಉಷ್ಣತೆ ಸುಮಾರು 25 ಡಿಗ್ರಿ ಸೆಲ್ಸಿಯಸ್, ಉಪ್ಪಿನ ಅಳತೆ 1.025, ಅಮೋನಿಯಾ ಸೊನ್ನೆ ಇರಬೇಕು.

2. ದೀಪ ಆರಿಸಿ, ಹವಳದ ಚೀಲವನ್ನು ಬಿಚ್ಚದೆ 15–20 ನಿಮಿಷ ತೊಟ್ಟಿಯಲ್ಲಿ ತೇಲಿಬಿಡಬೇಕು. ಎರಡೂ ನೀರಿನ ಬಿಸಿ ಒಂದಾಗುತ್ತದೆ.

3. ಚೀಲದ ನೀರನ್ನೂ ಹವಳವನ್ನೂ ಪಾತ್ರೆಗೆ ಹಾಕಿ, ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಅರ್ಧ ಗಂಟೆ ಸೇರಿಸಬೇಕು. ಚೀಲದ ನೀರನ್ನು ತೊಟ್ಟಿಗೆ ಸುರಿಯಬಾರದು, ಕೀಟಗಳು ಬರಬಹುದು. ಈ ಕೆಲಸಕ್ಕೆ ಕೈಗವಸು ಬೇಕೇ ಬೇಕು. ಕೆಲವು ಹವಳಗಳಲ್ಲಿ ಮನುಷ್ಯರಿಗೂ ಅಪಾಯಕಾರಿಯಾದ ವಿಷವಿದೆ.

4. ಮೊದಲು ತಳದಲ್ಲಿ, ಕಡಿಮೆ ಬೆಳಕಿನಲ್ಲಿ ಇಡಬೇಕು. ಬೆಳಕನ್ನು ಎರಡು ಮೂರು ವಾರಗಳಲ್ಲಿ ನಿಧಾನವಾಗಿ ಹೆಚ್ಚಿಸಬೇಕು. ನೀರಿನ ಹರಿವು ಸಾಧಾರಣವಾಗಿರಲಿ, ನೇರವಾಗಿ ಹವಳಕ್ಕೆ ಬಡಿಯಬಾರದು.

5. ಇಟ್ಟ ಮೇಲೆ ಮುಟ್ಟಬಾರದು. ದಿನವೂ ಉಷ್ಣತೆ, ಉಪ್ಪು ನೋಡಿ ಪುಸ್ತಕದಲ್ಲಿ ಬರೆಯಬೇಕು.

ಕೊನೆಯದೇ ಕಷ್ಟದ ಕೆಲಸ. ನಮ್ಮ ಹವಳ ಹನ್ನೊಂದು ದಿನ ಮುಚ್ಚಿಕೊಂಡೇ ಇತ್ತು. ಮೇಲೆ ಮೇಣದಂಥ ಪೊರೆ ಬಂದಾಗ ಇದೂ ಸತ್ತಿತು ಎಂದು ಹೆದರಿದೆ. ಸಾರ್ಕೋಫೈಟನ್ ಹಾವಿನಂತೆ ಆಗಾಗ ಪೊರೆ ಬಿಡುತ್ತದೆ ಎಂದು ಮಾಮು ಹೇಳಿದರು. ನೀರಿನ ಹರಿವಿಗೆ ಪೊರೆ ಕಳಚಿತು. ಹನ್ನೆರಡನೇ ದಿನ ಕಾಲೇಜಿನಿಂದ ಬಂದು ನೋಡಿದರೆ ನೂರಾರು ಪಾಲಿಪ್‌ಗಳು ಅರಳಿದ್ದವು. ಮೊದಲ ಹವಳವೂ ಬಹುಶಃ ಸಾಯುತ್ತಿರಲಿಲ್ಲ, ಒಗ್ಗಿಕೊಳ್ಳುತ್ತಿತ್ತು. ಅದಕ್ಕೆ ನಾನು ಸಮಯ ಕೊಡಲಿಲ್ಲ.

ಒಂದು ಎಚ್ಚರಿಕೆ. ಬಂಡೆ ಕಟ್ಟುವ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಸಮುದ್ರದಿಂದ ಅವುಗಳನ್ನು ಕೀಳುವುದೂ ಮಾರುವುದೂ ಅಪರಾಧ. ಯಾವ ಹವಳವನ್ನೇ ಆಗಲಿ, ಅದು ಎಲ್ಲಿಂದ ಬಂತೆಂದು ಕೇಳದೆ ಕೊಳ್ಳಬಾರದು.

ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ಸಮುದ್ರ ಬಿಸಿಯಾಗಿ ಹವಳಗಳು ಬೆಳ್ಳಗಾದವು. ನಮ್ಮ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ತೊಟ್ಟಿಯ ನೀರು ಬಿಸಿಯಾದರೆ ಮಾಮು ಫ್ಯಾನ್ ಹಾಕುತ್ತಾರೆ. ಸಮುದ್ರಕ್ಕೆ ಫ್ಯಾನ್ ಹಾಕುವವರು ಯಾರೂ ಇಲ್ಲ.