ಮೊದಲು ನಕ್ಷೆ, ಆಮೇಲೆ ಬಾಕಿ ಹಣ

ಜಮೀನು ವ್ಯಾಪಾರದಲ್ಲಿ ದರಕ್ಕೆ ಮಾಡುವ ಚೌಕಾಸಿಯನ್ನು ನಾವು ಅಳತೆಗೆ ಮಾಡುವುದಿಲ್ಲ. ಪಹಣಿಯಲ್ಲಿರುವ ವಿಸ್ತೀರ್ಣಕ್ಕೆ ಗುಣಿಸಿ ಲೆಕ್ಕ ಮುಗಿಸುತ್ತೇವೆ. ತುಮಕೂರು ಕಡೆ ಹೊಲ ಕೊಳ್ಳುವಾಗ ನಾನು ಕರಾರಿನಲ್ಲಿ ಒಂದು ಸಾಲು ಸೇರಿಸಿದ್ದೆ: ಗುಂಟೆಗೆ ಐವತ್ತು ಸಾವಿರದಂತೆ, ಖರಾಬು ಕಳೆದು, ಮಾರುವ ಭಾಗವನ್ನು ಅಳೆದು ಕೊಡುವ 11ಇ ನಕ್ಷೆಯಲ್ಲಿ ಬಂದಷ್ಟಕ್ಕೆ ಮಾತ್ರ ಹಣ.

ಮಾರುತ್ತಿದ್ದವರು ಅಣ್ಣತಮ್ಮಂದಿರಲ್ಲಿ ಕಿರಿಯರು. ಸರ್ವೆ ನಂಬರ್ ಒಂದೇ, ಪೋಡಿ ಆಗಿ ಪಾಲು ಬೇರೆಯಾಗಿರಲಿಲ್ಲ. ಪಹಣಿಯಲ್ಲಿ ಇಬ್ಬರಿಗೂ ತಲಾ 1 ಎಕರೆ 30 ಗುಂಟೆ. ಸರ್ವೆ ಇಲಾಖೆಯ ವಿಸ್ತೀರ್ಣ ದಾಖಲೆಯಾದ ಆಕಾರಬಂದ್ ತೆಗೆಸಿದರೆ ಒಟ್ಟು 3 ಎಕರೆ 20 ಗುಂಟೆ ಸರಿಯಾಗಿಯೇ ಇತ್ತು, ಆದರೆ ಅದರಲ್ಲಿ 6 ಗುಂಟೆ ‘ಬ’ ಖರಾಬು, ಊರವರ ಬಂಡಿದಾರಿ. ‘ಬ’ ಖರಾಬು ಸಾರ್ವಜನಿಕ ಬಳಕೆಯದು. ಅದಕ್ಕೆ ಕೊಟ್ಟ ಹಣ ದಾರಿಗೆ ಸುರಿದಂತೆ. ಕಳೆದರೆ ಒಬ್ಬರ ಪಾಲು 1 ಎಕರೆ 27 ಗುಂಟೆ. ಮೂರು ಗುಂಟೆ, ಅಂದರೆ ಒಂದೂವರೆ ಲಕ್ಷ. ಮಾರುವವರು ಮುಖ ಸಿಂಡರಿಸಿದರು, ಕರಾರು ಮುಂದಿಟ್ಟ ಮೇಲೆ ಒಪ್ಪಿದರು.

ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ 11ಇ ನಕ್ಷೆ ಇಲ್ಲದೆ ನೋಂದಣಿ ಆಗದು. ಅಳತೆಗೆ ಬಂದ ಭೂಮಾಪಕರಿಗೆ ಬಾಂದು ಕಲ್ಲು ಸಿಕ್ಕಿದ್ದು ಲಂಟಾನ ಪೊದೆಯೊಳಗೆ. ಅಲ್ಲಿಂದ ಅಳೆದು ಬರೆದ ಕರಡು ನಕ್ಷೆಯಲ್ಲಿ ನಡುಗೆರೆ ನೇರವಾಗಿತ್ತು. ನಾನು ಕೊಳ್ಳಬೇಕಿದ್ದ ಬೋರ್‌ವೆಲ್ ಅಣ್ಣನ ಕಡೆಗೆ ಹೋಗಿತ್ತು. ಅಣ್ಣನೇ ಬಾಯಿ ಬಿಟ್ಟರು: “ನಮ್ಮಪ್ಪ ಭಾಗ ಹಾಕಿದ್ದು ಹೊಂಗೆ ಸಾಲಿಗೆ ಸಾಮಿ, ಬೋರು ತಮ್ಮಂದೇ.” ಅನುಭವದಲ್ಲಿರುವ ಬದುವಿನಂತೆ ಗೆರೆಯನ್ನು ಓರೆಯಾಗಿ ತಿದ್ದಿ, ವಿಸ್ತೀರ್ಣ ಸರಿತೂಗಿಸಿ, ಇಬ್ಬರ ಸಹಿಯನ್ನೂ ಹಾಕಿಸಿದ ಮೇಲೆಯೇ ನಕ್ಷೆ ಮುಂದೆ ಹೋಯಿತು.

ಇದೇ ತಪ್ಪು ಕ್ರಯಪತ್ರವಾದ ಮೇಲೆ ಕಂಡಿದ್ದರೆ? ಹೊಸ ಅಳತೆ, ತಿದ್ದುಪಡಿ ಪತ್ರ, ಅದಕ್ಕೆ ಮಾರಿದವರ ಸಹಿ. ಹಣ ಎಣಿಸಿಕೊಂಡವರು ಸಹಿಗೆ ಸುಲಭವಾಗಿ ಬರುವುದಿಲ್ಲ. ಬಾಕಿ ನಮ್ಮ ಕೈಯಲ್ಲಿದ್ದಾಗ ನಕ್ಷೆ ಸರಿಯಾಗುವುದು ಅವರಿಗೂ ಬೇಕಾಗಿರುತ್ತದೆ.

ಹಾಗಾಗಿ ಮುಂಗಡ ಚಿಕ್ಕದಿರಲಿ. ಪಹಣಿ, ಆಕಾರಬಂದ್, ಮೂಲ ಅಳತೆಯ ಟಿಪ್ಪಣಿ ಮೂರನ್ನೂ ತಾಳೆ ನೋಡಿ. ದಿಶಾಂಕ್ ಆ್ಯಪ್‌ ನಾವು ನಿಂತ ಜಾಗದ ಸರ್ವೆ ನಂಬರ್ ಹೇಳುತ್ತದೆ, ಆದರೆ ಹದ್ದು ತೀರ್ಮಾನಕ್ಕೆ ಅದು ಸಾಲದು. ಅಳತೆಯ ದಿನ ಅಕ್ಕಪಕ್ಕದವರನ್ನು ಕರೆಸಿ, ಕಲ್ಲು ನೆಡಿಸಿ. ಕ್ರಯಪತ್ರದ ಚಕ್ಕುಬಂದಿ ನಕ್ಷೆಗೆ ಹೊಂದುತ್ತದೆಯೇ ಎಂದು ಸಹಿಗೆ ಮುಂಚೆ ಓದಿ. ಅಳತೆ ಬೇಡ ಎನ್ನುವವರ ಜಮೀನು ಎಷ್ಟೇ ಅಗ್ಗವಿದ್ದರೂ ಬಿಟ್ಟು ಬನ್ನಿ.